ದೋಣಿಯ ಕಾಕಾ ದಡಕ್ಕೆ ಇಳಿದ ದಿನ

ಕಳೆದ ತಿಂಗಳು ನಾಶಿಕದ ನಮ್ಮ ಮನೆಗೆ ಮೇಲಿನ ಮಹಡಿಯವರು ದೌಲತಾಬಾದಿನಿಂದ ತಂದ ಪೇರಲ ಹಣ್ಣು ಕೊಟ್ಟು ಹೋದರು. ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮರೆತಿದ್ದೆ. ಸಂಜೆ ಬಂದು ಬಾಗಿಲು ತೆಗೆದರೆ ಮನೆಯೆಲ್ಲ ಆ ಹಣ್ಣಿನ ವಾಸನೆ. ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತುಬಿಟ್ಟೆ. ಹದಿನಾರು ವರ್ಷಗಳ ಹಿಂದೆ, ಇಂಥದೇ ಒಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದವರು...

ಅವರನ್ನು ನಾವು ಕಾಕಾ ಎನ್ನುತ್ತಿದ್ದೆವು. ನಾನಾಗ ಧಾರವಾಡದಿಂದ ವರ್ಗವಾಗಿ ಬಂದಿದ್ದ ಕೇಂದ್ರ ಸರ್ಕಾರದ ನೌಕರ. ಪೈಠಣದ ಜಲಾಶಯದಲ್ಲಿ ಎಷ್ಟು ಹೂಳು ತುಂಬಿದೆ ಎಂದು ಅಳೆಯುವುದು ನಮ್ಮ ಕೆಲಸ. ದಿನವೂ ದಡಕ್ಕೆ ಬಂದುಹೋಗುವಷ್ಟು ಸಣ್ಣ ನೀರಲ್ಲ ಅದು. ಹಾಗಾಗಿ ಆ ಚಳಿಗಾಲ ಪೂರ್ತಿ ಮೋಟಾರು ದೋಣಿಯಲ್ಲೇ ನಮ್ಮ ಊಟ, ನಿದ್ದೆ. ನಾನು, ಇಬ್ಬರು ಮರಾಠಿ ಸಹಾಯಕರು, ಮತ್ತು ಕಾಕಾ. ದೋಣಿ ನಡೆಸುವವರೂ ಅಡುಗೆ ಮಾಡುವವರೂ ಅವರೇ. ವಿಜಾಪುರದ ಕಡೆಯವರು. ಕೃಷ್ಣಾ ನದಿಯಲ್ಲಿ ಜನರನ್ನು ದಾಟಿಸುತ್ತಿದ್ದವರು, ಊರಿಗೆ ಸೇತುವೆಯಾದ ಮೇಲೆ ಕೆಲಸ ಹುಡುಕಿಕೊಂಡು ಈ ಸೀಮೆಗೆ ಬಂದಿದ್ದರು. ಹೆಂಡತಿ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳು ಖುಲ್ತಾಬಾದಿನಲ್ಲಿ ಚಿಕ್ಕಮ್ಮನ ಹತ್ತಿರ ಬೆಳೆದು ಅಲ್ಲೇ ಮದುವೆಯಾಗಿದ್ದಳು. ಇದನ್ನೆಲ್ಲ ಅವರು ಒಂದೇ ಸಲ ಹೇಳಿದ್ದಲ್ಲ. ರೊಟ್ಟಿ ಬಡಿಯುತ್ತ, ಹಗ್ಗ ಸುತ್ತುತ್ತ, ಇಷ್ಟಿಷ್ಟೇ ಹೇಳಿದ್ದು.

ಒಂದು ದಿನ ಎಂಜಿನ್ ಕೆಟ್ಟಿತು. ಮೆಕ್ಯಾನಿಕ್ ಬಂದು ಅದರ ಒಂದು ಭಾಗವನ್ನು ಬಿಚ್ಚಿಕೊಂಡ. ರಿಪೇರಿಗೆ ಮೂರು ದಿನ ಬೇಕೆಂದ. ದೋಣಿಯನ್ನು ದಡದಲ್ಲಿ ಕಟ್ಟಿ ಅಣೆಕಟ್ಟಿನ ಕಾವಲುಗಾರನಿಗೆ ನೋಡಿಕೊಳ್ಳಲು ಹೇಳಿದೆವು. ಸಹಾಯಕರು ತಮ್ಮ ಊರುಗಳಿಗೆ ಹೋದರು. ಮರುದಿನ ಬೆಳಿಗ್ಗೆ ಕಾಕಾ ಮಡಿಸಿಟ್ಟ ಬಿಳಿ ಅಂಗಿ ತೊಟ್ಟು ಬಂದು, ಮಗಳ ಮನೆಗೆ ಹೋಗಿಬರೋಣ, ನೀವೂ ಬರ್ರಿ ಎಂದು ಕರೆದರು.

ಎರಡು ತಿಂಗಳು ನೀರಿನ ಮೇಲಿದ್ದ ಕಾಲುಗಳು. ಬಸ್‌ಸ್ಟ್ಯಾಂಡಿನಲ್ಲಿ ಅವರು ಕಾಲು ಅಗಲಿಸಿ ನಡೆಯುತ್ತಿದ್ದರು. 'ನೆಲ ಅಳ್ಳಾಡವಲ್ದು ನೋಡ್ರಿ' ಎಂದು ನಕ್ಕರು. ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಸಂಭಾಜಿನಗರದಲ್ಲಿ ಬಸ್ಸು ಬದಲಿಸಿದೆವು. ದೌಲತಾಬಾದಿನಲ್ಲಿ ಕೋಟೆಯ ಎದುರು ಪೇರಲ ಮಾರುವವರನ್ನು ಕಂಡದ್ದೇ ಕಾಕಾ ಇಳಿದುಬಿಟ್ಟರು. ಒಂದೊಂದೇ ಹಣ್ಣನ್ನು ಮೂಗಿಗೆ ಹಿಡಿದು ಆರಿಸಿದರು. ಆಮೇಲೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡಿದ್ದ ಕ್ಷೌರಿಕನ ಮುಂದೆ ಕುಳಿತರು. ಕ್ಷೌರವಾಯಿತು, ಚಹಾ ಆಯಿತು, ಎರಡು ಬಸ್ಸು ಹೋದವು. ನನಗೂ ಅವಸರವಿರಲಿಲ್ಲ; ಬಿಸಿಲು ಹಿತವಾಗಿತ್ತು. ಬಿಡುವಿನ ದಿನವನ್ನು ಸವಿಯುತ್ತಿದ್ದಾರೆ ಎಂದುಕೊಂಡೆ. ಮೂರನೆಯ ಬಸ್ಸೂ ಬಂದಾಗ ಏಳದಿದ್ದುದನ್ನು ಕಂಡು, ಮಗಳು ಬೈತಾಳಂತ ಹೆದರಿಕಿ ಏನ್ರಿ ಎಂದು ತಮಾಷೆ ಮಾಡಿದೆ.

'ಬೈದ್ರ ಚಲೋ ಆತಲ್ರಿ. ಮಾತಾಡ್ಲಿಲ್ಲಂದ್ರ?'

ಆಗ ಹೇಳಿದರು. ಮೂರು ವರ್ಷದ ಹಿಂದೆ ಮಗಳ ಮದುವೆಯ ದಿನ ಅವರು ಬೇರೆ ಯಾವುದೋ ಅಣೆಕಟ್ಟಿನ ದೋಣಿಯ ಮೇಲಿದ್ದರು. ಬದಲಿ ಜನ ಸಿಗಲಿಲ್ಲ. ತಲುಪಿದ್ದು ಮಾರನೆಯ ದಿನ, ಹಂದರ ಬಿಚ್ಚುವಾಗ. ಅಂದಿನಿಂದ ಅವಳ ಮುಖ ನೋಡಿರಲಿಲ್ಲ.

ಖುಲ್ತಾಬಾದಿನ ಮನೆಯ ಬಾಗಿಲು ತೆರೆದ ಮಗಳು ಒಂದು ಗಳಿಗೆ ನಿಂತು, ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಿಟ್ಟಳು. ಅಷ್ಟೇ. ಮಾತಿಲ್ಲ. ರೊಟ್ಟಿ, ಜುಣಕ ಬಡಿಸಿದಳು. ಊಟವಾದ ಮೇಲೆ ಕಾಕಾ ಅಂಗಳದಲ್ಲಿದ್ದ ಹಗ್ಗದ ಮಂಚವನ್ನು, ಆ ಹೊರಸನ್ನು ನೋಡಿದರು. ಹಗ್ಗ ಸಡಿಲಾಗಿ ಜೋತುಬಿದ್ದಿತ್ತು. ಕುಕ್ಕರಗಾಲಲ್ಲಿ ಕುಳಿತು ಅದನ್ನು ಬಿಚ್ಚಿ ಬಿಗಿಯತೊಡಗಿದರು. ಸ್ವಲ್ಪ ಹೊತ್ತಿಗೆ ಮಗಳು ಬಂದು ಎದುರು ಕುಳಿತು, ಹಗ್ಗದ ಇನ್ನೊಂದು ತುದಿ ಹಿಡಿದಳು. ಅವರು ಜಗ್ಗು ಎಂದರೆ ಜಗ್ಗುತ್ತಿದ್ದಳು. ಹೊರಸು ಮುಗಿಯುವ ಹೊತ್ತಿಗೆ ಇಬ್ಬರೂ ಮೆಲ್ಲಗೆ ಏನೋ ಮಾತಾಡುತ್ತಿದ್ದರು. ನಾನು ದೂರ ಹೋಗಿ ಕುಳಿತೆ.

ಹೊರಡುವ ಹೊತ್ತಾಯಿತು. ಅವಳು ಬಾಗಿಲಿಗೆ ಅಡ್ಡ ಬಂದಳು. 'ಅಪ್ಪಾ, ಇವತ್ತ ಇಲ್ಲೇ ಇರ್ರಿ. ಉದ್ಯಾ ಹೋಗ್ರಿ.' ನಾಳೆ ಎನ್ನುವುದಕ್ಕೆ ಕನ್ನಡದ ಮಾತು ಅವಳಿಗೆ ಸಿಗಲಿಲ್ಲ.

ಕಾಕಾ ನನ್ನ ಕಡೆ ತಿರುಗಿದರು. 'ಸಾಹೇಬ್ರ, ನಾಳೆ ಕೆಲಸ ಅದ ಏನ್ರಿ?'

ಕೆಲಸವಿರಲಿಲ್ಲ. ಎಂಜಿನ್ನಿನ ಭಾಗ ಬರಲು ಇನ್ನೂ ಎರಡು ದಿನವಿತ್ತು. ಆದರೆ ಆ ದೋಣಿಗೆ ಒಬ್ಬನೇ ಹಿಂದಿರುಗುವುದು ನನಗೆ ಬೇಡವಾಗಿತ್ತು. ಬೆಳಿಗ್ಗೆ ಎದ್ದರೆ ಚಹಾ ಕೊಡುವವರು ಬೇಕಿತ್ತು. ಇಷ್ಟೇ... ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

'ಕೆಲಸ ಯಾವಾಗ್ಲೂ ಇದ್ದದ್ದ ಅಲ್ಲೇನ್ರಿ, ಕಾಕಾ' ಎಂದೆ.

ಅವರು ಮಗಳ ತಲೆಯ ಮೇಲೆ ಕೈಯಿಟ್ಟು ಹೊರಬಂದರು. ದಾರಿಯುದ್ದಕ್ಕೂ ಒಳ್ಳೆಯ ಮನಸ್ಸಿನಲ್ಲೇ ಇದ್ದರು.

ಇದಾಗಿ ಎರಡು ವಾರ ಕಳೆದಿರಲಿಲ್ಲ. ಜಲಾಶಯದ ನಡುವೆ, ಬೆಳಿಗ್ಗೆ ಲಂಗರು ಎಳೆಯುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಸಹಾಯಕನೊಬ್ಬ ದೋಣಿ ಓಡಿಸಿದ. ಅವರ ತಲೆ ನನ್ನ ತೊಡೆಯ ಮೇಲಿತ್ತು. ಸುತ್ತ ನೋಡಿದಲ್ಲೆಲ್ಲ ನೀರೇ. 'ದಂಡಿ ಬಂತೇನ್ರಿ?' ಎಂದು ಎರಡು ಸಲ ಕೇಳಿದರು. ಬಂತು ಕಾಕಾ, ಬಂತು ಎಂದೆ. ದಡ ಇನ್ನೂ ಕಾಣುತ್ತಿರಲಿಲ್ಲ. ಅದು ಬರುವ ಮೊದಲೇ ಅವರು ಹೋಗಿಬಿಟ್ಟಿದ್ದರು.

ಮಗಳು, ಅಳಿಯ ಪೈಠಣಕ್ಕೆ ಬಂದರು. ಅವಳು ನನ್ನನ್ನು ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳದೆ ಹದಿನಾರು ವರ್ಷ ಕಳೆದೆ.

ಕಳೆದ ವಾರ ಖುಲ್ತಾಬಾದಿಗೆ ಹೋದೆ. ದೇವಸ್ಥಾನದ ದಾರಿಯಲ್ಲಿ ಅವಳದು ಹೂವು, ತೆಂಗಿನಕಾಯಿಯ ಅಂಗಡಿ. ನನ್ನ ಗುರುತು ಹಿಡಿಯಲು ಅವಳಿಗೆ ತಡವಾಯಿತು. ಹಿಡಿದ ಮೇಲೆ ಸ್ಟೂಲು ಕೊಟ್ಟಳು. ಅವಳ ಕನ್ನಡ ಈಗ ಮೊದಲಿಗಿಂತಲೂ ಸವೆದಿತ್ತು. ಆ ಭಾಷೆಯಲ್ಲಿ ಮಾತಾಡಲು ಅವಳಿಗೆ ಯಾರೂ ಉಳಿದಿಲ್ಲವಲ್ಲ. ಅವತ್ತು ದೋಣಿಯಲ್ಲಿ ಕೆಲಸವಿರಲಿಲ್ಲ, ನನ್ನ ಅನುಕೂಲಕ್ಕೆ ನಿಮ್ಮ ಅಪ್ಪನನ್ನು ಎಬ್ಬಿಸಿಕೊಂಡು ಹೋದೆ ಎಂದು ಹೇಳಿದೆ.

ಅವಳು ಚೆಂಡುಹೂವಿನ ಮೇಲೆ ನೀರು ಚಿಮುಕಿಸುತ್ತ ಕೇಳಿಸಿಕೊಂಡಳು. ಆಮೇಲೆ ಮರಾಠಿಯಲ್ಲಿ, ಅದು ಅಪ್ಪನಿಗೆ ಗೊತ್ತಿತ್ತು, ಮರುದಿನವೇ ಫೋನ್ ಮಾಡಿದ್ದರು ಎಂದಳು. ಅಪ್ಪನ ಮಾತನ್ನು ಮಾತ್ರ ಕನ್ನಡದಲ್ಲಿ, ಅವರು ಹೇಳಿದ ಹಾಗೆಯೇ ಹೇಳಿದಳು. 'ಸಾಹೇಬ್ರು ಒಬ್ಬರೇ ಆಗ್ತಾರವ್ವಾ. ಮುಂದಿನ ಸಲ ಬಂದಾಗ ನಾಕ ದಿನ ಇರತೇನಿ.'

ಗಿರಾಕಿಗಳು ಬಂದರು. ಅವಳು ಅತ್ತ ತಿರುಗಿದಳು. ಕ್ಷಮಿಸಿದಳೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ನಾಶಿಕದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತೆ. ಹೇಳಿಬಿಟ್ಟರೆ ಮನಸ್ಸು ಹಗುರಾದೀತು ಎಂದುಕೊಂಡು ಹೋಗಿದ್ದೆ. ಆಗಲಿಲ್ಲ. ಕೆಲಸವಿಲ್ಲವೆಂದು ಗೊತ್ತಿದ್ದೂ, ಮೂರು ವರ್ಷದ ಮೇಲೆ ಮಾತಾಡಿದ ಮಗಳನ್ನು ಬಾಗಿಲಲ್ಲಿ ಬಿಟ್ಟು ನನ್ನ ಜೊತೆ ಎದ್ದು ಬಂದಿದ್ದರು ಅವರು. ನಾನು ಒಬ್ಬನೇ ಆಗುತ್ತೇನೆಂದು...