ಹಸಿರು ಪಟ್ಟಿಯ ಚಾಕು

ಜೂನ್ ಹದಿನಾಲ್ಕು, ಶನಿವಾರ. ಬರೆಯಲು ಕೂತಾಗ ಸಂಜೆ ಐದೂಮುಕ್ಕಾಲು.

ಬೆಳಿಗ್ಗೆ ಅರಸೀಕೆರೆಯ ಮನೆಯ ಅಟ್ಟ ಖಾಲಿ ಮಾಡುತ್ತಿದ್ದೆ. ಒಬ್ಬಳೇ ಉಳಿದಿದ್ದ ಅಮ್ಮನನ್ನು ಬೇಲೂರಿಗೆ, ನಾನಿರುವ ಬಾಡಿಗೆ ಮನೆಗೆ ಕರೆತರುವುದೆಂದು ಕೊನೆಗೂ ತೀರ್ಮಾನವಾಗಿತ್ತು. ಪಾತ್ರೆಗಳ ಹಿಂದೆ ಹಳೆಯ ಪೇಪರಿನ ಒಂದು ಪೊಟ್ಟಣ ಸಿಕ್ಕಿತು. ಬಿಚ್ಚುವ ಮೊದಲೇ ವಾಸನೆ ಬಂತು, ಕಮಟು ಹಿಡಿದ ಕೊಬ್ಬರಿಯ ವಾಸನೆ. ಒಳಗೆ ಗೇಣುದ್ದವೂ ಇಲ್ಲದ ಒಂದು ಚಾಕು. ಅಲಗು ಸವೆದು ಸವೆದು ಕಿರುಬೆರಳಿನಷ್ಟಾಗಿತ್ತು. ಹಿಡಿಗೆ ಹಸಿರು ಸೀರೆಯ ಅಂಚನ್ನು ಹರಿದು ಬಿಗಿಯಾಗಿ ಸುತ್ತಿದ್ದರು. ಅದು ಅಮ್ಮನದಲ್ಲ. ಅಮ್ಮನ ಚಾಕುವಿಗೆ ಕೆಂಪು ಪಟ್ಟಿ. ಅದು ಈಗಲೂ ಅಡುಗೆಮನೆಯಲ್ಲಿದೆ.

"ಯಜಮಾನ್ರು ಕೊಟ್ಟೋಗಿದ್ದು ಕಣೆ ಅದು, ನೀನೂ ಇದ್ಯಲ್ಲ. ಹಗರೆಯವಳು ಬಂದ್ರೆ ಕೊಡು ಅಂದಿದ್ರು" ಎಂದಳು ಅಮ್ಮ.

ಯಜಮಾನರೆಂದರೆ ನಮ್ಮ ಬೀದಿಯ ಕೊನೆಯಲ್ಲಿದ್ದ ಕೊಬ್ಬರಿ ಪುಡಿ ಫ್ಯಾಕ್ಟರಿಯ ಮಾಲೀಕರು. ಹಣೆಯ ತುಂಬ ವಿಭೂತಿ, ತೋಳು ಮಡಚಿದ ಬಿಳಿ ಶರ್ಟು, ಕಾಲಿಗೆ ರಬ್ಬರ್ ಚಪ್ಪಲಿ. ಬೇಕರಿಯವರು ಬಿಸ್ಕತ್ತಿಗೂ ಬನ್ನಿಗೂ ಹಾಕುವ ಒಣ ಪುಡಿ ಅವರಲ್ಲಿ ತಯಾರಾಗುತ್ತಿತ್ತು. ಗಂಡಸರು ತೆಂಗಿನಕಾಯಿಯ ಕರಟ ಬಿಡಿಸಿ ಕೊಡುತ್ತಿದ್ದರು. ಹೆಂಗಸರು ಸಾಲಾಗಿ ಕೂತು ಒಳಗಿನ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆಯುತ್ತಿದ್ದರು. ಹೆರೆದ ಕಾಯಿಯನ್ನು ತೊಳೆದು, ತುರಿದು, ಡ್ರೈಯರಿನಲ್ಲಿ ಒಣಗಿಸಿದರೆ ಪುಡಿ. ಚರಂಡಿಯಲ್ಲಿ ಹುಳಿ ಹಿಡಿದ ಕಾಯಿನೀರಿನ ನಾತ, ಮೇಲೆ ಗಾಳಿಯಲ್ಲಿ ಸಿಹಿಯಾದ ಬೆಚ್ಚನೆಯ ವಾಸನೆ. ನಮ್ಮ ಬೀದಿಗೆ ಎರಡೂ ಒಟ್ಟಿಗೇ ಬರುತ್ತಿದ್ದವು.

ಹೆರೆಯುವ ಚಾಕು ಫ್ಯಾಕ್ಟರಿಯದಲ್ಲ, ಅವರವರದೇ. ಗುರುತಿಗೆಂದು ಒಬ್ಬೊಬ್ಬರು ಒಂದೊಂದು ಬಣ್ಣದ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಸಂಜೆ ತೊಳೆದು ಗೋಡೆಯ ಮೊಳೆಗೆ ತೂಗುಹಾಕಿ ಮನೆಗೆ ಬರುವುದು. ಯಾರಾದರೂ ಚಾಕುವನ್ನು ಮೊಳೆಯಿಂದ ತೆಗೆದು ಮನೆಗೆ ಒಯ್ದರೆ ನಾಳೆಯಿಂದ ಅವರು ಬರುವುದಿಲ್ಲ ಎಂದರ್ಥ. ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹೆರಿಗೆಗೆ ಹೋದವರ ಚಾಕು ಮೊಳೆಯಲ್ಲೇ ಇರುತ್ತಿತ್ತು. ಅದನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಸೈರನ್. ನಾನು ದಿನಚರಿ ಬರೆಯಲು ಶುರುಮಾಡಿದ್ದೇ ಅದರಿಂದ. ಏಳನೇ ಕ್ಲಾಸಿನಲ್ಲಿದ್ದಾಗ ಗೋಡೆ ಗಡಿಯಾರ ನೋಡಿ, ಸೈರನ್ ಇಷ್ಟು ಹೊತ್ತಿಗೆ ಆಯಿತೆಂದು ದಿನಕ್ಕೊಂದು ಸಾಲು ಗೀಚುತ್ತಿದ್ದೆ. ಯಜಮಾನರಿಗೆ ಅದು ಗೊತ್ತಾಗಿ ಗೇಟಿನ ಹತ್ತಿರ ನಿಂತು ಕೇಳುತ್ತಿದ್ದರು: "ಏನವ್ವಾ ಪುಟ್ಟಿ, ಇವತ್ತು ನಾನು ಪಾಸೋ ಫೇಲೋ?"

ನಾನು ಪಿಯುಸಿಗೆ ಬರುವ ವೇಳೆಗೆ ಸೈರನ್ ಕೂಗದೆ ಅವರು ಫೇಲಾಗುತ್ತಿದ್ದ ದಿನಗಳು ಹೆಚ್ಚಾದವು. ವಾರಕ್ಕೆ ನಾಲ್ಕು ದಿನ ಕೆಲಸ, ಆಮೇಲೆ ಮೂರು. ಹೊರದೇಶದ ಪುಡಿ ಬಂದರಿಗೆ ಬರುತ್ತಿದೆ, ಅದು ನಮ್ಮ ಪುಡಿಗಿಂತ ಅಗ್ಗ ಎಂಬ ಮಾತು ಹೆರೆಯುವ ಸಾಲಿಗೂ ಬಂತು. ಒಂದು ಮಧ್ಯಾಹ್ನ ಅಮ್ಮನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಯಜಮಾನರು ಹೆಂಗಸರ ಎದುರು ಸ್ಟೂಲು ಹಾಕಿಕೊಂಡು ಕೂತು ಬಿಡಿಸಿ ಹೇಳುತ್ತಿದ್ದರು.

"ಎರಡು ಸರ್ಕಾರನೂ ಒಪ್ಪಂದ ಮಾಡ್ಕಂಡವ್ರೆ. ಅವರ ಮಾಲಿಗೆ ನಾವು ಸುಂಕ ಹಾಕಂಗಿಲ್ಲ, ನಮ್ಮದಕ್ಕೆ ಅವರು ಹಾಕಂಗಿಲ್ಲ. ಅದ್ಕೇ ಅಗ್ಗ."

"ಹಂಗಾರೆ ನಮ್ಮ ಪುಡಿನೂ ಅಲ್ಲಿಗೆ ಕಳಿಸಿ ಯಜಮಾನ್ರೆ" ಎಂದಳು ಅಮ್ಮನ ಪಕ್ಕದಲ್ಲಿದ್ದವಳು.

ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. "ತೆಂಗಿನ ತೋಟದೋರಿಗೆ ತೆಂಗಿನಕಾಯಿ ಮಾರ್ತೀಯಾ?"

ಅವಳು ನಗಲಿಲ್ಲ. ಅವಳನ್ನು ಎಲ್ಲರೂ ಹಗರೆಯವಳು ಎಂದೇ ಕರೆಯುತ್ತಿದ್ದರು. ಹಗರೆಯಿಂದ ಮದುವೆಯಾಗಿ ಬಂದವಳು. ಕೈ ನಿಲ್ಲಿಸದೆ ಇನ್ನೊಂದು ಕೇಳಿದಳು: "ಅಲ್ಲೂ ಹೆಂಗಸ್ರೇ ಹೆರೆಯೋದಾ?"

"ಹೂಂ, ಹೆಂಗಸ್ರೇ."

"ಅವ್ರಿಗೆಷ್ಟು ಕೊಡ್ತಾರಂತೆ ಕೂಲಿ?"

ಯಜಮಾನರು ಎದ್ದು ಡ್ರೈಯರಿನ ಕಡೆ ಹೋದರು. ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ... ಹಗರೆಯವಳ ಕೈಯಲ್ಲಿದ್ದದ್ದು ಈ ಹಸಿರು ಪಟ್ಟಿಯ ಚಾಕು.

ಅದೇ ವರ್ಷ ಒಂದು ಭಾನುವಾರ ಯಜಮಾನರ ಟೆಂಪೊದಲ್ಲಿ ನಾನೂ ಅಮ್ಮನೂ ಹಳೇಬೀಡಿಗೆ ಹೋದೆವು. ಅಲ್ಲಿ ನಮ್ಮ ಚಿಕ್ಕಮ್ಮನ ಮನೆ. ಯಜಮಾನರು ಪುಡಿ ಚೀಲ ಇಳಿಸಲು ಕೆರೆ ಹತ್ತಿರದ ಬೇಕರಿಯ ಮುಂದೆ ನಿಲ್ಲಿಸಿದರು. ಅವರ ತಂದೆಯ ಕಾಲದಿಂದಲೂ ಅದು ಅವರ ಗಿರಾಕಿ. ಬೇಕರಿಯವನು ಹೊರಗೆ ಬಂದು ಕೈ ಮುಗಿದ, ನಮಗೆಲ್ಲ ದಿಲ್‌ಪಸಂದ್ ಕೊಟ್ಟ, ಆದರೆ ಚೀಲ ಇಳಿಸಲು ಬಿಡಲಿಲ್ಲ.

"ಬೇಜಾರು ಮಾಡ್ಕೋಬೇಡಿ ಯಜಮಾನ್ರೆ. ಹಡಗಿನ ಪುಡಿ ತರಿಸ್ಬಿಟ್ಟೆ. ಬನ್ನಿನ ರೇಟು ಏರಿಸಿದ್ರೆ ಬಸ್ಸಲ್ಲಿ ಬರೋ ಸ್ಕೂಲ್ ಮಕ್ಳೂ ನನ್ನ ಅಂಗಡಿಗೆ ಹತ್ತಲ್ಲ."

"ನಮ್ಮೂರ ಕಾಯಿ, ನಮ್ಮೂರ ಹೆಂಗಸ್ರು ಕಣಪ್ಪ. ಅದನ್ನ ನೋಡ್ದೆ ರೇಟು ನೋಡ್ತೀಯಾ?"

"ನಿಮ್ಮ ಚೀಲ ಹೊಲಿಯೋ ಮಿಷನ್ನು ಯಾವೂರದು? ಅದೂ ಹಡಗಲ್ಲೇ ಬಂತಲ್ವಾ?"

"ಅದನ್ನ ಇಲ್ಲಿ ಮಾಡೋರೇ ಇರ್ಲಿಲ್ಲ."

"ಇದ್ರು ಯಜಮಾನ್ರೆ. ಮುಚ್ಕೊಂಡೋದ್ರು."

ಅದನ್ನು ಅವನು ಕುಹಕಕ್ಕೆ ಹೇಳಲಿಲ್ಲ. ಅವನ ಒಲೆಯ ಮುಂದೆಯೂ ಆರು ಜನ ಕೆಲಸ ಮಾಡುತ್ತಿದ್ದರು. ಯಜಮಾನರು ಕೈಯಲ್ಲಿದ್ದ ದಿಲ್‌ಪಸಂದನ್ನು ಒಂದು ಕಡೆಯಿಂದ ಕಚ್ಚಿ, ಒಳಗಿನ ಪುಡಿಯನ್ನು ನಾಲಿಗೆಯಲ್ಲಿ ಆಡಿಸಿ, "ಚೆನ್ನಾಗೇ ಐತೆ" ಎಂದರು. ವಾಪಸು ಬರುವಾಗ ದಾರಿಯುದ್ದಕ್ಕೂ ಚೀಲಗಳು ಹಿಂದೆ ಅಲುಗಾಡುವ ಸದ್ದು.

ದೀಪಾವಳಿ ಕಳೆದ ಮೇಲೆ ಫ್ಯಾಕ್ಟರಿ ನಿಂತಿತು. ಕೊನೆಯ ಸಂಜೆ ಹೆಂಗಸರು ಚಾಕು ತೊಳೆದು ಕೈಯಲ್ಲಿ ಹಿಡಿದೇ ನಿಂತಿದ್ದರಂತೆ, ಮನೆಗೆ ಒಯ್ಯುವುದೋ ಮೊಳೆಗೆ ಹಾಕುವುದೋ ತಿಳಿಯದೆ. ಯಜಮಾನರು ಹೇಳಿದರಂತೆ: "ಮೊಳೆಗೇ ಹಾಕ್ರಮ್ಮ. ಸುಂಕ ಹಾಕ್ತಾರೆ, ಮಾತಾಡ್ತಾ ಅವ್ರೆ. ಬಾಗ್ಲು ತೆಗೆದ್ ದಿನ ಸೈರನ್ ಕೂಗಿಸ್ತೀನಿ, ಬಂದ್ಬಿಡಿ."

ಎಲ್ಲರೂ ಮೊಳೆಗೆ ಹಾಕಿ ಬಂದರು.

ಆಮೇಲಿನದನ್ನು ಬರೆಯುವಾಗ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಬಂದರೂ ಬರೆಯಬೇಕು. ಹಾಸನದ ಕಡೆಯ ಒಂದು ಗಾರ್ಮೆಂಟ್ಸಿನ ಬಸ್ಸು ಆ ವರ್ಷವೇ ನಮ್ಮ ಬೀದಿಯ ತುದಿಗೆ ಬರಲು ಶುರುವಾಗಿತ್ತು. ಚಿಕ್ಕ ವಯಸ್ಸಿನ ಹೆಂಗಸರು ಒಬ್ಬೊಬ್ಬರಾಗಿ ಹತ್ತಿದರು. ಅಪ್ಪ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರು, ಬೆನ್ನು ನೋವು ಆಗಲೇ ಇತ್ತು. "ನೀನೂ ಹೋಗು" ಎಂದರೆ ಅಮ್ಮ, "ಚಾಕು ಅಲ್ಲೈತೆ, ಹೆಂಗೋಗ್ಲಿ?" ಎನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ಅವಳಿನ್ನೂ ಕೆಲಸದಲ್ಲೇ ಇದ್ದಳು. ಯಜಮಾನರು ಬೀದಿಯಲ್ಲಿ ಸಿಕ್ಕಾಗಲೆಲ್ಲ, "ಇನ್ನೇನು ಕಣಮ್ಮ, ಈ ಸಲ ಗ್ಯಾರಂಟಿ" ಎನ್ನುತ್ತಿದ್ದರು. ಸುಳ್ಳು ಹೇಳುತ್ತಿರಲಿಲ್ಲ. ನಂಬಿದ್ದರು. ಮಿಕ್ಕ ಫ್ಯಾಕ್ಟರಿಯವರ ಜೊತೆ ಸೇರಿ ದೆಹಲಿಯವರೆಗೂ ಹೋಗಿ ಬಂದಿದ್ದರು.

ಎರಡು ವರ್ಷ ಕಾದು, ಅಪ್ಪ ಪೂರ್ತಿ ಮಲಗಿದ ಮೇಲೆ, ಅಮ್ಮ ಗಾರ್ಮೆಂಟ್ಸಿನ ಗೇಟಿಗೆ ಹೋದಳು. ಅಲ್ಲಿ ಒಂದು ಸೂಜಿ, ಒಂದು ದಾರ ಕೊಟ್ಟು ಪೋಣಿಸಿ ಎಂದರಂತೆ. ಅವಳಿಗೆ ಆಗಲಿಲ್ಲ. ಮೊದಲೇ ಬಂದಿದ್ದರೆ ಕಣ್ಣು ನೆಟ್ಟಗಿರುತ್ತಿತ್ತು ಎಂದು ಅಲ್ಲಿಯ ಹುಡುಗಿಯೊಬ್ಬಳು ಹೇಳಿದಳಂತೆ. ಆಮೇಲೆ ಅಮ್ಮ ಶಾಲೆಯಲ್ಲಿ ಬಿಸಿಯೂಟಕ್ಕೆ ತರಕಾರಿ ಹೆಚ್ಚಲು ಸೇರಿದಳು. ಹೆಚ್ಚುವುದಕ್ಕೆ ಶಾಲೆಯ ಈಳಿಗೆಮಣೆ. ಕೆಂಪು ಪಟ್ಟಿಯ ಚಾಕು ಮೊಳೆಯಲ್ಲೇ ಇತ್ತು.

ನನ್ನ ದಿನಚರಿಯಲ್ಲಿ ಆ ವರ್ಷಗಳೆಲ್ಲ "ಸೈರನ್ ಇಲ್ಲ" ಎಂಬ ಸಾಲು. ಒಂದು ಹಂತದಲ್ಲಿ ಅದನ್ನೂ ಬರೆಯುವುದು ಬಿಟ್ಟೆ.

ನಾಲ್ಕನೇ ವರ್ಷ ಒಂದು ಸೋಮವಾರ ಸೈರನ್ ಕೂಗಿತು. ಹೊರದೇಶದ ಪುಡಿಗೆ ಬಂದರಿನಲ್ಲಿ ಒಂದು ಕನಿಷ್ಠ ಬೆಲೆ ಕಟ್ಟಿದ್ದರು, ಅದಕ್ಕಿಂತ ಅಗ್ಗಕ್ಕೆ ಯಾರೂ ತರುವ ಹಾಗಿರಲಿಲ್ಲ. ಬೀದಿಯವರು ಅದನ್ನೂ ಸುಂಕವೆಂದೇ ಕರೆದರು. ಯಜಮಾನರು ಬೇಡಿದ್ದು ಕೊನೆಗೂ ಸಿಕ್ಕಿತ್ತು. ಅಮ್ಮ ಒಲೆ ಆರಿಸಿದಳು, ತಲೆಗೂದಲು ಸುತ್ತಿ ಕಟ್ಟಿಕೊಂಡಳು, ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ನಾನೂ ಹಿಂದೆ ಹೋದೆ.

ಗೇಟಿಗೆ ಮಾವಿನ ತೋರಣ. ಯಜಮಾನರು ಕರ್ಪೂರ ಹಚ್ಚಿ ನಿಂತಿದ್ದರು, ತೆಳ್ಳಗಾಗಿದ್ದರು. ಬಂದವರು ಅಮ್ಮನೂ ಸೇರಿ ನಾಲ್ಕು ಜನ, ಮಿಕ್ಕ ಮೂವರೂ ಅವಳ ವಯಸ್ಸಿನವರು. ಗಾರ್ಮೆಂಟ್ಸಿನ ಬಸ್ಸು ಅದೇ ಹೊತ್ತಿಗೆ ಗೇಟಿನ ಮುಂದೆ ಹಾದುಹೋಯಿತು. ಕಿಟಕಿಯ ತುಂಬ ಹಳೆಯ ಮುಖಗಳು. ಯಾರೋ ಕೈಬೀಸಿದರು. ಡ್ರೈವರು ನಿಲ್ಲಿಸಲಿಲ್ಲ. ಅವರಲ್ಲೂ ಯಾರೂ ನಿಲ್ಲಿಸು ಎಂದಂತೆ ಕಾಣಲಿಲ್ಲ.

ಒಳಗೆ ಕಾಯಿಯ ರಾಶಿ ಮೊಳಕಾಲೆತ್ತರವೂ ಇರಲಿಲ್ಲ. "ಇಷ್ಟೇನಾ ಯಜಮಾನ್ರೆ?" ಎಂದಳು ಅಮ್ಮ.

"ಇಷ್ಟೇ ಕೊಟ್ಟಿದ್ದು ಕಣಮ್ಮ. ತೋಟದೋರು ಏನಂದ್ರು ಗೊತ್ತಾ? ಸುಂಕ ಏರಿದ್ದು ನಿಮಗೊಬ್ರಿಗೇ ಅಲ್ಲ, ನಾವೂ ಟೀವಿ ನೋಡ್ತೀವಿ ಅಂದ್ರು. ಎಲ್ರೂ ಅಟ್ಟಕ್ಕೆ ಹಾಕ್ಬಿಟ್ಟವ್ರೆ, ಕೊಬ್ಬರಿ ಮಾಡ್ಕಂತಾರಂತೆ."

ತೋಟದವರದೂ ತಪ್ಪಲ್ಲ. ಎಷ್ಟೋ ವರ್ಷಕ್ಕೆ ಅವರ ಕಾಯಿಗೆ ಬೆಲೆ ಬಂದಿತ್ತು. ನಾಲ್ವರು ಹೆಂಗಸರು ತಮ್ಮ ತಮ್ಮ ಮೊಳೆಯಿಂದ ಚಾಕು ತೆಗೆದು, ತುಕ್ಕು ಉಜ್ಜಿ, ಕೂತರು. ಮಧ್ಯಾಹ್ನದೊಳಗೆ ರಾಶಿ ಮುಗಿಯಿತು. ಆದರೆ ಡ್ರೈಯರು ತುಂಬದೆ ಬೆಂಕಿ ಹಾಕುವ ಹಾಗಿರಲಿಲ್ಲ, ಅರ್ಧಂಬರ್ಧ ಹಾಕಿದರೆ ಪುಡಿ ಕೆಂಪಾಗುತ್ತದೆ. ಸಂಜೆಯವರೆಗೂ ಯಜಮಾನರು ಫೋನು ಹಿಡಿದು ಕಾಯಿಗಾಗಿ ಕೇಳುತ್ತಲೇ ಇದ್ದರು. ಬಿಳಿಯ ತುರಿ ಟ್ರೇಗಳಲ್ಲಿ ಹಾಗೆಯೇ ಇತ್ತು, ಹುಳಿ ವಾಸನೆ ಶುರುವಾಗುವ ಹೊತ್ತಿಗೆ ಅವರೇ ಪಾತ್ರೆ ತರಲು ಹೇಳಿದರು. ಆ ಸಂಜೆ ನಮ್ಮ ಬೀದಿಯ ಮನೆಮನೆಯಲ್ಲೂ ಕಾಯಿ ಮಿಠಾಯಿ. ಹಬ್ಬದ ಹಾಗೆ ಘಮಘಮ ಎನ್ನುತ್ತಿತ್ತು. ಅಮ್ಮ ಒಂದು ತುಂಡನ್ನೂ ಬಾಯಿಗೆ ಹಾಕಲಿಲ್ಲ.

ಮರುದಿನ ಸೈರನ್ ಕೂಗಲಿಲ್ಲ.

ಆ ವಾರದ ಕೊನೆಗೆ ಯಜಮಾನರು ಒಂದು ಬುಟ್ಟಿ ಹಿಡಿದು ಬೀದಿಗೆ ಇಳಿದರು. ಒಂದೊಂದು ಚಾಕುವನ್ನೂ ಪೇಪರಿನಲ್ಲಿ ಸುತ್ತಿ, ಮನೆಮನೆಗೆ ಹೋಗಿ ಕೈಯಲ್ಲಿ ಕೊಟ್ಟು ಬಂದರು. ನಮ್ಮ ಮನೆ ಕೊನೆಯದು. ಅಮ್ಮ ಚಾಪೆ ಹಾಸಿದಳು, ಅವರು ಕೂರಲಿಲ್ಲ. ಕಾಫಿ ಎಂದಳು, ಬೇಡವೆಂದರು.

"ಮುಚ್ಚಿದ್ ದಿನವೇ ಕೊಟ್ಬಿಡ್ಬೇಕಿತ್ತು ಕಣಮ್ಮ ಇದನ್ನ."

"ಕೊಟ್ಟಿದ್ರೆ ತಗಂತಿರ್ಲಿಲ್ಲ ಬಿಡಿ" ಎಂದಳು ಅಮ್ಮ.

ಬುಟ್ಟಿಯಲ್ಲಿ ಇನ್ನೊಂದು ಪೊಟ್ಟಣ ಉಳಿದಿತ್ತು. ಹಗರೆಯವಳದು. ಅವಳಿದ್ದ ಮನೆಗೆ ಬೀಗ ಬಿದ್ದು ವರ್ಷವಾಗಿತ್ತು. "ನಿನ್ನ ಪಕ್ಕದಲ್ಲೇ ಕೂರ್ತಿದ್ಲಲ್ಲ. ಬಂದ್ರೆ ಕೊಡು" ಎಂದು ಅದನ್ನೂ ಅಮ್ಮನ ಕೈಗಿಟ್ಟರು. ಮೆಟ್ಟಿಲು ಇಳಿದವರು ಒಮ್ಮೆ ತಿರುಗಿ, "ಅವಳು ಕೇಳಿದ್ಲು, ಅಲ್ಲಿ ಕೂಲಿ ಎಷ್ಟು ಅಂತ. ಆಮೇಲೆ ವಿಚಾರಿಸ್ದೆ ಕಣಮ್ಮ. ನಾನು ಕೊಡ್ತಿದ್ದಕ್ಕಿಂತ ಜಾಸ್ತಿನೇ ಐತೆ" ಎಂದರು. ನನ್ನ ಕಡೆ ನೋಡಿದರು. ಪಾಸೋ ಫೇಲೋ ಎಂದು ಕೇಳಲಿಲ್ಲ.

ಹೋದ ವರ್ಷ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಫ್ಯಾಕ್ಟರಿ ಈಗ ಸಿಮೆಂಟ್ ಗೋಡೌನು. ಇವತ್ತು ಅಮ್ಮನ ಸಾಮಾನು ಹೊತ್ತ ಗಾಡಿ ಅದರ ಮುಂದೆಯೇ ಬಂತು. ಬಾಗಿಲು ತೆರೆದಿತ್ತು, ಒಳಗೆ ಗೋಡೆಯಲ್ಲಿ ಮೊಳೆಗಳ ಸಾಲು ಹಾಗೇ ಇತ್ತು. ಅದರಲ್ಲೊಂದಕ್ಕೆ ಯಾರದೋ ಶರ್ಟು ನೇತಾಡುತ್ತಿತ್ತು.

ಸುಂಕ ಹಾಕಬೇಕೋ ಬೇಡವೋ ಎಂದು ಟೀವಿಯಲ್ಲಿ ಈಗಲೂ ಜಗಳವಾಡುತ್ತಾರೆ. ಹಾಕಬಾರದು ಎನ್ನುವವರು ಮಾತಾಡುವಾಗ ನನಗೆ ಅಮ್ಮನ ಕೈಯ ಸೂಜಿ ಕಾಣುತ್ತದೆ. ಹಾಕಲೇಬೇಕು ಎನ್ನುವವರು ಮಾತಾಡುವಾಗ ಮೊಳಕಾಲೆತ್ತರವೂ ಇಲ್ಲದ ಆ ಕಾಯಿಯ ರಾಶಿ. ನನಗೆ ಖಚಿತವಾಗಿ ಗೊತ್ತಿರುವುದು ಒಂದೇ: ಕೆಲಸ ಹೋಗುವುದಕ್ಕೆ ಒಂದು ವರ್ಷ ಸಾಕಾಯಿತು, ಸುಂಕ ಬರುವುದಕ್ಕೆ ನಾಲ್ಕು ವರ್ಷ ಬೇಕಾಯಿತು, ಆ ನಾಲ್ಕು ವರ್ಷದಲ್ಲಿ ಜನರ ಕಣ್ಣು ಮೊಳೆಗೆ ಹಾಕಿದ ಚಾಕುವಿನ ಹಾಗೆ ಕಾದುಕೊಂಡು ಇರಲಿಲ್ಲ.

ಬೇಲೂರಿನಿಂದ ಹಾಸನಕ್ಕೆ ಹೋಗುವಾಗ ಬಸ್ಸು ಹಗರೆಯಲ್ಲಿ ನಿಲ್ಲುತ್ತದೆ. ಹಿಂದೊಮ್ಮೆ ಅಲ್ಲಿ ಇಳಿದು ಹಾಲಿನ ಡೈರಿಯ ಹತ್ತಿರ ಅವಳನ್ನು ವಿಚಾರಿಸಿದ್ದೆ. "ಯಾರ ಮಗಳು? ಏನು ಹೆಸರು?" ಎಂದರು. ನಮಗ್ಯಾರಿಗೂ ಅವಳ ಹೆಸರು ಗೊತ್ತಿರಲಿಲ್ಲ. ಹಗರೆಯಲ್ಲಿ ನಿಂತು ಹಗರೆಯವಳು ಎಂದರೆ ಯಾರನ್ನು ತೋರಿಸುತ್ತಾರೆ? ಬಿಕ್ಕೋಡಿನ ಕಡೆ ಕಾಫಿ ತೋಟದ ಕೆಲಸಕ್ಕೆ ಹೋದಳೆಂದು ಯಾರೋ ಹೇಳಿದ್ದರು, ಅದೂ ಅಂದಾಜಿನ ಮಾತು...

ಇದನ್ನು ಓದುವವರಲ್ಲಿ ಯಾರಿಗಾದರೂ ಅವಳು ಗೊತ್ತಿದ್ದರೆ, ಅರಸೀಕೆರೆಯ ಪುಡಿ ಫ್ಯಾಕ್ಟರಿಯಲ್ಲಿ ಕಾಯಿ ಹೆರೆಯುತ್ತಿದ್ದ, ಹಗರೆ ತವರಾದ, ಎಡಗೈಯಲ್ಲಿ ಚಾಕು ಹಿಡಿಯುತ್ತಿದ್ದ ಹೆಂಗಸು ನಿಮ್ಮ ನೆರೆಯಲ್ಲೋ ತೋಟದ ಕೂಲಿ ಲೈನಿನ ಮನೆಯಲ್ಲೋ ಇದ್ದರೆ, ಇದನ್ನು ಪ್ರಕಟಿಸುವ ಪತ್ರಿಕೆಯ ಮೂಲಕ ನನಗೆ ಒಂದು ಸಾಲು ಬರೆಯಿರಿ. ನಾವೇ ಬಂದು ಕೊಡುತ್ತೇವೆ. ಬೇಲೂರಿನ ಈ ಮನೆಯ ಗೋಡೆಯಲ್ಲಿ ಹಳೆಯ ಮೊಳೆಯೊಂದಿದೆ. ಬರೆಯಲು ಕೂರುವ ಮೊದಲು ಚಾಕುವನ್ನು ಅದಕ್ಕೆ ಹಾಕಲು ಹೋದೆ. ಅಮ್ಮ ಬೇಡವೆಂದು ಕೈ ಹಿಡಿದಳು. ಮೇಜಿನ ಮೇಲೆ ಇಟ್ಟಿದ್ದೇನೆ.