ಸರ್ವಮಂಗಳಮ್ಮ ಗೋಡೆ ಏರಲಿಲ್ಲ

ಹಾರನಹಳ್ಳಿಯ ರಮ್ಯ ಮದುವೆ, ನಾಮಕರಣದ ಫೋಟೋ ತೆಗೆದು ಜೀವನ ನಡೆಸುವವಳು. ಆದರೆ ಛತ್ರಕ್ಕೆ ಹೋಗುವ ದಾರಿಯಲ್ಲೇ ಸ್ಕೂಟರ್ ನಿಲ್ಲಿಸಿಬಿಡುತ್ತಾಳೆ. ಲಕ್ಷ್ಮಣತೀರ್ಥದ ಮೇಲಿನ ಮಂಜು, ಕಾಡಂಚಿನ ಗಿರಿಜನರ ಹಾಡಿಯಲ್ಲಿ ಬಿಸಿಲು ಕಾಯಿಸುವ ಜೋಗಯ್ಯ, ಕೆ.ಆರ್. ನಗರದ ಗದ್ದೆಯ ಕೊಕ್ಕರೆ ಸಾಲು: ಯಾರೂ ಕೇಳದ ಈ ಚಿತ್ರಗಳೇ ಅವಳ ಪ್ರಾಣ. ಇವತ್ತು ಹುಣಸೂರಿನ ಸಭಾಂಗಣವೊಂದರಲ್ಲಿ ಅವುಗಳ ಪ್ರದರ್ಶನ, ಅವಳ ಮೊದಲನೆಯದು. ಬೆಳಗಿನಿಂದ ಅವಳ ಕಾಲು ನೆಲದ ಮೇಲಿಲ್ಲ.

ನಡುವಿನ ದೊಡ್ಡ ಚಿತ್ರ ಪಕ್ಕದ ಮನೆಯ ಸರ್ವಮಂಗಳಮ್ಮನದು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲಲ್ಲಿ ಕೂತು ಕಡ್ಡಿಗೆ ಹಸಿರೆಲೆ ಕಟ್ಟುತ್ತಿದ್ದಾರೆ. ಆ ಕೈಗಳ ಮೇಲಷ್ಟೇ ಸೀಳು ಬಿಸಿಲು. ಇದಿಲ್ಲದಿದ್ದರೆ ಪ್ರದರ್ಶನವೇ ಬೇಡ ಎಂದಿದ್ದಳು ರಮ್ಯ.

ಬಾಗಿಲು ತೆರೆಯುವ ಮೊದಲೇ ಸರ್ವಮಂಗಳಮ್ಮ ರೇಷ್ಮೆ ಸೀರೆಯುಟ್ಟು, ಗಂಡ ಕೆಂಪಯ್ಯನ ಗೂಡ್ಸ್ ಆಟೋದಲ್ಲಿ ಬಂದಿಳಿದರು. ಗೋಡೆ ನೋಡಿದವರೇ ನಿಂತುಬಿಟ್ಟರು.

“ಅಯ್ಯೋ, ಇಳ್ಸು ಕಣವ್ವ! ನಾನಿನ್ನೂ ಬದುಕಿವ್ನಿ. ಒಬ್ಳದೇ ಇಷ್ಟ್ ದೊಡ್ಡ ಫೋಟೋ ಗ್ವಾಡೆ ಏರೋದು ಸತ್ತ ಮ್ಯಾಲೆ.”

“ಒಂದು ಹೂವಿನ್ ಆರ ತತ್ತೀನಿ ಬುಡು, ಕೆಲ್ಸ ಮುಗೀತದೆ,” ಎಂದರು ಕೆಂಪಯ್ಯ.

“ನಿಮ್ ಬಾಯಿಗ್ ಮಣ್ಣಾಕ!”

ಸರ್ವಮಂಗಳಮ್ಮನ ಪಡಸಾಲೆಯ ಗೋಡೆಯಲ್ಲಿ ತೀರಿಹೋದ ಅವರ ಅತ್ತೆ ಮಾವ ಫೋಟೋದೊಳಗೆ ಹಾರ ಹಾಕಿಸಿಕೊಂಡು ಕೂತಿರುವುದನ್ನು ರಮ್ಯ ಚಿಕ್ಕಂದಿನಿಂದ ನೋಡಿದ್ದಳು. ಆದರೂ ಹೊಳೆದಿರಲಿಲ್ಲ. ಚಿತ್ರ ತೋರಿಸದಿರಲಾರಳು, ಈ ಹೆಂಗಸನ್ನು ನೋಯಿಸಲೂ ಆರಳು. ಕಿಟಕಿಯಾಚೆ ಆಟೋ ಕಂಡಿತು. ಅದರ ತುಂಬ ಬ್ಯಾರನ್ ಕಡ್ಡಿಗಳ ಹೊರೆ.

“ಮಾವ, ಆ ಕಡ್ಡಿ ಕೊಡ್ತೀರಾ?”

“ಅವು ಬೀಗ್ರಿಗೆ ಕಣವ್ವ.”

“ಸಂಜೆಗೆ ವಾಪಸ್! ಅತ್ತೆ, ಸೊಪ್ಪನ್ನ ಗೋಡೆಗೆ ಮೊಳೆ ಹೊಡೆದು ತೂಗಾಕ್ತೀರಾ ನೀವು? ಕಡ್ಡಿಗೆ ತಾನೆ ಕಟ್ಟೋದು? ಈ ಫೋಟೋಗಳನ್ನೂ ಅಂಗೇ ಕಟ್ತೀನಿ. ಒಂದೂ ಗೋಡೆ ಮುಟ್ಟಲ್ಲ.”

ಸರ್ವಮಂಗಳಮ್ಮ ಗೊಳ್ಳೆಂದು ನಕ್ಕರು. “ಸೊಪ್ಪಿನ್ ಜೊತೆ ನನ್ನೂ ಬೇಯಿಸ್ತೀಯೇನ್ಲೇ?” ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ತತ್ತಾ ದಾರ. ನಿನ್ ಗಂಟು ಸಂಜೆಗಂಟ ನಿಲ್ಲಕಿಲ್ಲ.”

ಸೂರಿನ ಕೊಕ್ಕೆಗಳಿಂದ ಹಗ್ಗ ಇಳಿಯಿತು, ಹಗ್ಗಕ್ಕೆ ಕಡ್ಡಿ ಅಡ್ಡ ಬಿತ್ತು. ಮಂಜು, ಕೊಕ್ಕರೆ, ಜೋಗಯ್ಯ ಗಾಳಿಯಲ್ಲಿ ತೂಗಿದರು. ಕೊನೆಯ ದೊಡ್ಡ ಚಿತ್ರಕ್ಕೆ ಗಂಟು ಬೀಳುತ್ತಿರುವಾಗಲೇ ಬಾಗಿಲು ತೆರೆಯಿತು. ನುಗ್ಗಿದ ಜನ ಚಿತ್ರದ ಕೈ ನೋಡಿದರು, ಗಂಟು ಹಾಕುತ್ತಿದ್ದ ಕೈ ನೋಡಿದರು.

“ಅವ್ರೇ ಕಣ್ಲಾ!” ಎಂದಿತೊಂದು ದನಿ.

ಸರ್ವಮಂಗಳಮ್ಮ ತಿರುಗಲಿಲ್ಲ. “ಅತ್ಲಾಗ್ ನಿಂತ್ಕಂಡು ನೋಡ್ರಪ್ಪ, ಬೆಳಕಿಗೆ ಅಡ್ಡ ಬರಬ್ಯಾಡಿ.”

ರಮ್ಯ ಆಗಲೇ ಕ್ಯಾಮೆರಾಕ್ಕೆ ಓಡಿದ್ದಳು.