ಮಾತು ನಿಂತರೆ ಕ್ರೇನು ನಿಲ್ಲಬೇಕು

ಫಿನ್ಲೆಂಡಿನ ಪಶ್ಚಿಮ ಕರಾವಳಿಯ ಆ ಬಂದರಿನಲ್ಲಿ ಹಿಲ್ಕಾ ವೈನಿಕ್ಕಾಳಷ್ಟು ಮಾತಾಡಿದವರು ಇನ್ನೊಬ್ಬರಿಲ್ಲ. ಉಳಿದವರೆಲ್ಲ ಬಸ್ಸಿಗೆ ಕಾಯುವಾಗಲೂ ಒಬ್ಬರಿಂದೊಬ್ಬರು ಎರಡು ಮಾರು ದೂರ ನಿಂತು ಹಿಮ ನೋಡುವ ಜಾತಿಯವರು. ಹಿಲ್ಕಾ ಮಾತ್ರ ಇಪ್ಪತ್ತೆರಡು ವರ್ಷ ಮಾತಾಡಿಯೇ ಹೊಟ್ಟೆ ಹೊರೆದಳು. ಅದೂ ಹೆಚ್ಚುಕಡಿಮೆ ಒಂದೇ ಮಾತು.

“ಕೆಳಗೆ, ಕೆಳಗೆ, ಕೆಳಗೆ, ನಿಧಾನ, ಕೆಳಗೆ, ಇನ್ನು ಐದು ಮೀಟರ್, ಕೆಳಗೆ, ಕೆಳಗೆ...”

ಕ್ರೇನು ನಡೆಸುವವನು ನಲವತ್ತು ಮೀಟರ್ ಎತ್ತರದ ಗಾಜಿನ ಗೂಡಿನಲ್ಲಿ ಕೂತಿರುತ್ತಾನೆ. ಹಡಗಿನ ಒಡಲಿನ ತಳ ಅವನಿಗೆ ಕಾಣುವುದಿಲ್ಲ. ಅದಕ್ಕೇ ಒಬ್ಬರು ವಾಕಿಟಾಕಿ ಹಿಡಿದು ಒಡಲಿಗೆ ಇಳಿದು ಅವನಿಗೆ ಕಣ್ಣಾಗಬೇಕು. ಹೊರೆ ಅಲುಗುತ್ತಿರುವಷ್ಟು ಹೊತ್ತೂ ಮಾತು ಹರಿಯುತ್ತಿರಬೇಕು. ಮಾತು ನಿಂತಿತೋ, ಕ್ರೇನು ನಿಲ್ಲಬೇಕು. ಕೆಮ್ಮು ಬಂದು ನಿಂತಿರಲಿ, ಬ್ಯಾಟರಿ ಸತ್ತು ನಿಂತಿರಲಿ, ಕೇಳುವ ಹಾಗಿಲ್ಲ. ಹೊರೆಯ ಕೆಳಗೆ ಸಿಕ್ಕಿಬಿದ್ದವರಿಗೆ ‘ನಿಲ್ಲು’ ಎನ್ನುವಷ್ಟು ಪುರಸೊತ್ತು ಇರುವುದಿಲ್ಲ ಎಂದು ಹಿಂದಿನವರು ಕಂಡುಕೊಂಡು ಮಾಡಿದ ಕಟ್ಟಳೆ ಅದು.

ಮೇಲೆ ಗೂಡಿನಲ್ಲಿ ಕೂರುತ್ತಿದ್ದವನು ಅವಳ ಗಂಡ ಆವುಲಿಸ್. ಅವಳ ಮಾತಿಗಿಂತ ಅವಳು ಸುಮ್ಮನಾಗುವುದೇ ಅವನಿಗೆ ಬೇಗ ಕೇಳಿಸುತ್ತಿತ್ತು. ಮನೆಯಲ್ಲೂ ಅದೇ ಗೀಳು. ಗುರುವಾರದ ಬಟಾಣಿ ಸೂಪು ತಿರುವುವುದು ಅವನ ಪಾಲಿನ ಕೆಲಸ, ಪಕ್ಕದಲ್ಲಿ ಕೂತು ಊರ ಸುದ್ದಿ ಹೇಳುವುದು ಅವಳದು. ಅವಳು ಉಸಿರು ತೆಗೆದುಕೊಳ್ಳಲು ನಿಂತರೆ ಅವನ ಸೌಟು ಪಾತ್ರೆಯಲ್ಲೇ ನಿಲ್ಲುತ್ತಿತ್ತು.

“ತಿರುವೋ ಮಾರಾಯಾ, ತಳ ಹಿಡೀತದೆ!”

“ನೀನು ಮಾತಾಡೇ ಮತ್ತೆ,” ಎನ್ನುತ್ತಿದ್ದ ಆವುಲಿಸ್. ಬೇಕೆಂದೇ ಮಾಡುತ್ತಿರಲಿಲ್ಲ, ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ಮಂಡಿಚಿಪ್ಪು ಸವೆದು ಏಣಿ ಇಳಿಯಲಾರದಾದ ಮೇಲೆ ಹಿಲ್ಕಾಳನ್ನು ವಾಕಿಟಾಕಿ ಸೆಟ್ಟುಗಳ ಕೋಣೆಗೆ ಹಾಕಿದರು. ಬಂದರಿನ ಅರವತ್ತು ವಾಕಿಟಾಕಿಗಳೂ ಅವಳ ಸುಪರ್ದಿಗೆ ಬಂದವು. ಆ ಕೋಣೆಗೆ ಅವಳೇ ರಾಣಿ. ಕ್ರೇನಿನವರಿಗೆ ಕೆಂಪು ಪಟ್ಟಿ, ಹೊರೆ ಎತ್ತುವ ಫೋರ್ಕ್‌ಲಿಫ್ಟಿನವರಿಗೆ ಹಳದಿ, ಗೇಟಿನವರಿಗೆ ನೀಲಿ. ಪ್ರತಿ ಸೆಟ್ಟಿಗೂ ಸಂಖ್ಯೆ, ಪ್ರತಿ ಸಂಖ್ಯೆಗೂ ಗೋಡೆಯಲ್ಲಿ ಒಂದು ಗೂಡು. ಚಳಿಗೆ ಬ್ಯಾಟರಿ ಬೇಗ ಬರಿದಾಗುತ್ತದೆಂದು ಪ್ರತಿಯೊಬ್ಬರ ಒಳಜೇಬಿಗೂ ಎರಡನೆಯ ಬ್ಯಾಟರಿಯನ್ನು ತಾನೇ ತುರುಕುತ್ತಿದ್ದಳು. ಹೊಸಬರು ಬಂದರೆ ಪಾಠ: ಗುಂಡಿ ಒತ್ತಿ ಒಂದು ಉಸಿರು ಕಾದು ಮಾತಾಡು, ಯಾರನ್ನು ಕರೆಯುತ್ತೀಯೋ ಮೊದಲು ಅವರ ಹೆಸರು ಹೇಳು, ಕೇಳಿದ್ದನ್ನು ತಿರುಗಿ ಒಪ್ಪಿಸು. ಒಪ್ಪಿಸದೆ ‘ಸರಿ ಸರಿ’ ಎಂದವರಿಗೆ ಅವಳ ಬಾಯಲ್ಲಿ ಸಹಸ್ರನಾಮವಾಗುತ್ತಿತ್ತು.

ಅವಳ ಜಾಗದಲ್ಲಿ ಒಡಲಿಗೆ ಇಳಿದವಳು ವಿರ್ಪಿ. ಮೂವತ್ತೊಂದು ವರ್ಷ, ದೊಡ್ಡ ನಗು, ಹಡಗು ತಡವಾದರೆ ಹಡಗಿನ ಹಗ್ಗ ಸುತ್ತುವ ಕಬ್ಬಿಣದ ಕಟ್ಟೆಯ ಮೇಲೆ ಕೂತು ಕಾಲುಚೀಲ ಹೆಣೆಯುವವಳು. ಹಿಲ್ಕಾ ಅವಳಿಗೆ ಎರಡು ವರ್ಷ ಕಲಿಸಿದ್ದಳು. ‘ಕೆಳಗೆ, ಕೆಳಗೆ’ ಎಂದು ದಿನವಿಡೀ ಒದರುವುದು ಬೇಜಾರೆಂದು ವಿರ್ಪಿ ಅದಕ್ಕೊಂದು ರಾಗ ಕಟ್ಟಿದಳು. ಚಾನೆಲ್ಲಿನಲ್ಲಿ ಅದು ಕೇಳಿದರೆ ಗೇಟಿನವರೂ ಗುನುಗುತ್ತಿದ್ದರು. ಹಿಲ್ಕಾಳಿಗೆ ಮೊದಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ಆ ಹುಡುಗಿಯನ್ನು ಮಗಳಂತೆ ಹಚ್ಚಿಕೊಂಡಳು. ಹಿಲ್ಕಾಳಿಗೆ ಸ್ವಂತ ಮಕ್ಕಳಿರಲಿಲ್ಲ.

ಆ ವರ್ಷದ ಅಕ್ಟೋಬರಿನಲ್ಲಿ ಹೊಸ ಸೆಟ್ಟುಗಳು ಬಂದವು. ಗಾಳಿಯ ಸದ್ದು, ಯಂತ್ರದ ಸದ್ದು ಎಲ್ಲವನ್ನೂ ಸೋಸಿ ಬರೀ ಮನುಷ್ಯನ ದನಿ ಕೊಡುತ್ತವೆ ಎಂದು ಅವುಗಳ ಹೆಗ್ಗಳಿಕೆ. ಹಳೆಯವು ಸದಾ ಸುಯ್ಯೆನ್ನುತ್ತಿದ್ದವು. ಆವುಲಿಸ್ ಮೊದಲ ದಿನವೇ ಮುಖ ಸಿಂಡರಿಸಿದ.

“ಹಳೇದ್ರಲ್ಲಿ ಯಾರೂ ಮಾತಾಡ್ದಿದ್ರೂ ಆ ಕಡೆ ಯಾರೋ ಇದಾರೆ ಅಂತ ಗೊತ್ತಾಗ್ತಿತ್ತು. ಇದು ಸುಮ್ನಾದ್ರೆ ಬಾವಿಗೆ ಕಿವಿ ಇಟ್ಟಂಗಿರ್ತದೆ ಕಣೇ.”

“ನಿಂಗೆ ಹೊಸ ಚಪ್ಪಲೀನೂ ಆಗಲ್ಲ,” ಎಂದು ಹಿಲ್ಕಾ ಮಾತು ಹಾರಿಸಿದಳು. ಆದರೆ ಅವನು ಹೇಳಿದ್ದು ಅವಳ ಕಿವಿಯಲ್ಲಿ ಉಳಿಯಿತು.

ನವೆಂಬರಿನಲ್ಲಿ ನಡೆದದ್ದು ನಗುವಂಥ ಸಂಗತಿ. ಫೋರ್ಕ್‌ಲಿಫ್ಟ್ ನಡೆಸುವ ಎನ್ಸಿಯೊ ತನ್ನ ಸೆಟ್ಟಿನ ಗುಂಡಿಯ ಮೇಲೇ ಕುಂಡೆಯೂರಿ ಕೂತು, ಪಕ್ಕದವನಿಗೆ ಮ್ಯಾನೇಜರ್ ಲಿಂಡ್ರೂಸನ ಕಥೆ ಹೇಳತೊಡಗಿದ. ಲಿಂಡ್ರೂಸ್ ಕೂದಲಿಗೆ ಬಣ್ಣ ಹಚ್ಚುವುದು, ಸೌನಾ ಎಂಬ ಹಬೆಕೋಣೆಯ ಬಿಸಿಗೆ ಆ ಬಣ್ಣ ಕರಗಿ ಕಿವಿಯ ಹಿಂದೆ ಇಳಿಯುವುದು, ಎಲ್ಲವನ್ನೂ ಅಭಿನಯ ಸಮೇತ. ನಲವತ್ತು ನಿಮಿಷ ಇಡೀ ಬಂದರು ಕೇಳಿತು. ಹಡಗಿನ ಕಪ್ತಾನನೂ ಕೇಳಿದ. ಅಷ್ಟು ಹೊತ್ತೂ ಬೇರೆ ಯಾರಿಗೂ ಒಂದು ಮಾತಾಡಲು ಆಗಲಿಲ್ಲ, ಕೆಲಸ ನಿಂತೇ ಹೋಯಿತು.

ಮರುದಿನ ಬೆಳಿಗ್ಗೆ ಲಿಂಡ್ರೂಸ್ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಹಿಲ್ಕಾಳ ಕೋಣೆಗೆ ಬಂದ.

“ಯಾರೇ ಗುಂಡಿ ಒತ್ತಿದ್ರೂ ಮೂವತ್ತೇ ಸೆಕೆಂಡು. ಆಮೇಲೆ ಸೆಟ್ಟು ತಾನಾಗೇ ಬಾಯಿ ಮುಚ್ಚಬೇಕು. ಒಬ್ಬ ಮಾತಾಡ್ತಿರುವಾಗ ಇನ್ನೊಬ್ಬ ಮಧ್ಯೆ ನುಗ್ಗೋ ಹಾಗೂ ಇರಬಾರ್ದು. ಇವತ್ತೇ ಮಾಡು.”

“ಒಡಲಿಗೆ ಹೊರೆ ಇಳಿಸೋಕೆ ಐವತ್ತು ಸೆಕೆಂಡು ಬೇಕು ಲಿಂಡ್ರೂಸ್. ಮಧ್ಯೆ ಮಾತು ಕಡಿದ್ರೆ ಕ್ರೇನು ನಿಲ್ತದೆ.”

“ಬಿಟ್ಟು ಮತ್ತೆ ಒತ್ತಲಿ. ಬೆರಳಿಲ್ವಾ?”

“ಕ್ರೇನಿನ ಸೆಟ್ಟುಗಳನ್ನಾದ್ರೂ ಬಿಡು.”

“ಎಲ್ರಿಗೂ ಒಂದೇ ನಿಯಮ ಹಿಲ್ಕಾ. ನೀನೂ ಅದನ್ನೇ ಅಲ್ವಾ ಎಲ್ರಿಗೂ ಹೇಳೋದು?”

ಅವನ ಮಾತಿಗೆ ಸೊಪ್ಪು ಹಾಕಬಾರದಿತ್ತು. ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವವರಿಗೆ ಒಂದು ಚೀಟಿ ಬರೆದಿದ್ದರೆ ಸಾಕಿತ್ತು. ಕ್ರಿಸ್‌ಮಸ್ ಕಳೆಯಲಿ, ಬರೆದರಾಯಿತು ಎಂದುಕೊಂಡಳು. ಅರವತ್ತು ಸೆಟ್ಟುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಸಿಕ್ಕಿಸಿ, ಮೂರು ಒತ್ತಿ ಸೊನ್ನೆ ಒತ್ತಿದಳು. ಒತ್ತಿದ್ದು ಅವಳ ಬೆರಳೇ.

ಮೊದಲ ವಾರ ಕ್ರೇನುಗಳು ನಿಂತವು. ಮೂವತ್ತಕ್ಕೆ ಮಾತು ಕಡಿಯುತ್ತಿತ್ತು, ಕಟ್ಟಳೆಯಂತೆ ಕ್ರೇನು ನಿಲ್ಲುತ್ತಿತ್ತು, ಹದಿನಾರು ಟನ್ ಹೊರೆ ಗಾಳಿಯಲ್ಲಿ ಉಯ್ಯಾಲೆಯಾಡುತ್ತಿತ್ತು. ಕೆಳಗಿನವರು ಗುಂಡಿ ಬಿಟ್ಟು ಮತ್ತೆ ಒತ್ತುವುದಕ್ಕೆ ಮೂರು ನಾಲ್ಕು ಸೆಕೆಂಡು, ತೂಗಾಟ ನಿಲ್ಲುವುದಕ್ಕೆ ಒಂದು ನಿಮಿಷ. ದಿನಕ್ಕೆ ನೂರು ಸಲ. ಎರಡನೆಯ ವಾರ ಒಬ್ಬ ಕ್ರೇನಿನವನು ಆ ಮೂರು ಸೆಕೆಂಡು ನಿಲ್ಲಿಸದೆ ಇಳಿಸಿದ. ಏನೂ ಆಗಲಿಲ್ಲ. ಮೂರನೆಯ ವಾರ ಎಲ್ಲರೂ ಹಾಗೇ ಇಳಿಸುತ್ತಿದ್ದರು, ಆವುಲಿಸ್ ಒಬ್ಬನನ್ನು ಬಿಟ್ಟು.

“ಹೆಂಡ್ತಿ ಸುಮ್ನಾದ್ರೆ ಹೆದರ್ಕೊಳ್ಳೋ ಗಂಡಸು ಪ್ರಪಂಚದಲ್ಲಿ ಇವನೊಬ್ನೇ ನೋಡ್ರೋ,” ಎಂದು ಎನ್ಸಿಯೊ ಕಾಫಿಯ ಹೊತ್ತಿನಲ್ಲಿ ಛೇಡಿಸಿದ. “ನಾವೆಲ್ಲ ಅದಕ್ಕೇ ಹರಕೆ ಹೊತ್ಕೊಂಡಿದೀವಿ!”

ಎಲ್ಲರೂ ನಕ್ಕರು. ಆವುಲಿಸ್ ನಗಲಿಲ್ಲ, ಕಾಫಿ ಮುಗಿಸಿ ಎದ್ದುಹೋದ. ಡಿಸೆಂಬರಿನ ಒಂದು ಗುರುವಾರ ಸೌಟು ಹಿಡಿದುಕೊಂಡೇ ಹೇಳಿದ: “ಇವತ್ತು ನಾನೂ ನಿಲ್ಲಿಸ್ಲಿಲ್ಲ.”

‘ಮಾತು ನಿಂತರೆ ಕ್ರೇನು ನಿಲ್ಲಬೇಕು’ ಎಂಬ ಕಟ್ಟಳೆಗೆ ಇನ್ನು ಅರ್ಥವೇ ಉಳಿದಿಲ್ಲ ಎಂದು ಹಿಲ್ಕಾಳಿಗೆ ಗೊತ್ತಾಯಿತು. ಆದರೂ ತಟ್ಟೆ ಜೋಡಿಸಿದಳು.

ಮರುದಿನ ವಿರ್ಪಿಯನ್ನು ಹಿಡಿದು ಬುದ್ಧಿ ಹೇಳಿದಳು. “ಇಪ್ಪತ್ತೈದಕ್ಕೇ ಬಿಟ್ಟು ಒತ್ತೇ. ಮೂವತ್ತರವರೆಗೆ ಬಿಡ್ಬೇಡ.”

“ಅಲ್ವೇ ಮುದುಕಿ, ಹೊರೆ ನೋಡ್ಲಾ, ಕಾಲಡಿ ನೋಡ್ಲಾ, ಗಡಿಯಾರ ನೋಡ್ಲಾ?” ವಿರ್ಪಿ ಅವಳ ಕೆನ್ನೆ ಹಿಂಡಿದಳು. “ಮೇಲಿರೋದು ನಿನ್ ಗಂಡ ತಾನೇ. ಅವ್ನ ಕೈಲಿ ನನಗೇನು ಭಯ?”

ಅಂದಿನಿಂದ ಹಿಲ್ಕಾ ತಾನೇ ಎಣಿಸತೊಡಗಿದಳು. ಕೋಣೆಯ ಮೇಜಿನ ಮೇಲೆ ಒಂದು ದೊಡ್ಡ ಸೆಟ್ಟಿತ್ತು. ಯಾರಾದರೂ ಗುಂಡಿ ಒತ್ತಿದರೆ ಅದರ ದೀಪ ಕೆಂಪಾಗುತ್ತಿತ್ತು, ಬಿಟ್ಟರೆ ಹಸಿರು. ವಿರ್ಪಿಯ ರಾಗ ಶುರುವಾದ ಕೂಡಲೇ ಇವಳ ತುಟಿಯೂ ಅಲುಗುತ್ತಿತ್ತು. ಒಂದು, ಎರಡು, ಮೂರು. ಮೂವತ್ತಕ್ಕೆ ಕಡಿತ, ಹಸಿರು, ಮತ್ತೆ ಕೆಂಪು, ಮತ್ತೆ ರಾಗ. ಆಗ ಅವಳಿಗೆ ಉಸಿರು ಬರುತ್ತಿತ್ತು. ಸೆಟ್ಟು ತೆಗೆದುಕೊಳ್ಳಲು ಬಂದವರು ಕರೆದರೂ ತಿರುಗುತ್ತಿರಲಿಲ್ಲ. ಮುದುಕಿಗೆ ಅರಳುಮರಳು ಎಂದರು. ಕ್ರಿಸ್‌ಮಸ್ ಕಳೆಯಿತು, ಚೀಟಿ ಬರೆಯಲು ಕೂತಳು, ಎರಡು ಸಾಲಿಗೆ ನಿಲ್ಲಿಸಿದಳು. ಬರೆದರೆ ನಿಲ್ಲಿಸದೆ ಇಳಿಸುವವರ ಹೆಸರೂ ಬರೆಯಬೇಕಾಗುತ್ತಿತ್ತು. ಅದರಲ್ಲಿ ಆವುಲಿಸನ ಹೆಸರೂ ಇತ್ತು.

ಜನವರಿಯ ಒಂದು ಗುರುವಾರ, ಮಧ್ಯಾಹ್ನ ಮೂರು ಗಂಟೆ. ಬೆಳಕು ಆಗಲೇ ಕಂದುತ್ತಿತ್ತು. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿ, ಸಮುದ್ರದಿಂದ ಹಬೆ ಏಳುತ್ತಿತ್ತು. ಕಾಗದದ ತಿರುಳನ್ನು ಒತ್ತಿ ತಂತಿ ಬಿಗಿದ ಬೇಲುಗಳನ್ನು ಹಡಗಿಗೆ ತುಂಬುತ್ತಿದ್ದರು. ಹಿಲ್ಕಾಳ ಕಿಟಕಿಯಿಂದ ಆವುಲಿಸನ ಕ್ರೇನಿನ ತಂತಿಹಗ್ಗಗಳು ಕಾಣುತ್ತಿದ್ದವು. ಹೊರೆ ಒಡಲೊಳಗೆ ಇಳಿದು ಮರೆಯಾಗಿತ್ತು.

“...ಹದಿನೆಂಟು, ಹತ್ತೊಂಬತ್ತು...” ಎಂದು ಇವಳು ಎಣಿಸುತ್ತಿದ್ದಳು.

“ಕೆಳಗೆ, ಕೆಳಗೆ, ಇನ್ನು ಮೂರು ಮೀಟರ್, ನಿಧಾನ, ಕೆಳ...” ವಿರ್ಪಿಯ ರಾಗ ಕಡಿಯಿತು.

ಇಪ್ಪತ್ತೊಂದು.

ದೀಪ ಕೆಂಪಾಗಿಯೇ ಇತ್ತು.

ಕಡಿದದ್ದು ಸೆಟ್ಟಲ್ಲ. ಗುಂಡಿ ಇನ್ನೂ ಒತ್ತಿದೆ, ಮಾತಿಲ್ಲ. ತಂತಿಹಗ್ಗಗಳು ಇಳಿಯುತ್ತಲೇ ಇದ್ದವು.

ಅವಳು ತನ್ನ ಗುಂಡಿ ಒತ್ತಿದಳು. ಒಬ್ಬರು ಒತ್ತಿರುವಾಗ ಇನ್ನೊಬ್ಬರು ನುಗ್ಗುವಂತಿಲ್ಲ. ಸೆಟ್ಟು ಗುಟುರು ಹಾಕಿ ಅವಳನ್ನು ಹೊರಗಿಟ್ಟಿತು. ಮತ್ತೆ ಒತ್ತಿದಳು. ಮತ್ತೆ ಗುಟುರು. ಇಪ್ಪತ್ತಮೂರು. ಕಿಟಕಿ ಬಡಿದಳು, ಅದು ಚೌಕಟ್ಟಿಗೆ ಹೆಪ್ಪುಗಟ್ಟಿ ಕೂತಿತ್ತು. “ಆವುಲಿಸ್! ನಿಲ್ಸೋ! ಆವುಲಿಸ್!” ಎಂದು ಗಾಜಿಗೆ ಕಿರುಚಿದಳು. ಇಪ್ಪತ್ತೈದು. ಮೂರು ಮೀಟರ್ ಬಾಕಿ ಎಂದು ಅವನಿಗೆ ಗೊತ್ತು, ಇನ್ನೇನು ಮಾತು ಬಂದೀತು, ಅಷ್ಟರಲ್ಲಿ ಎರಡು ಮೀಟರ್ ಇಳಿಸೋಣ ಎಂದುಕೊಂಡಿದ್ದಾನೆ ಎಂದು ಇವಳಿಗೆ ಗೊತ್ತು. ಗುಟುರು. ಗುಟುರು. ಇಪ್ಪತ್ತೇಳಕ್ಕೆ ತಂತಿಹಗ್ಗಗಳ ಬಿಗಿ ಸಡಿಲಿ, ಒಮ್ಮೆ ನಡುಗಿ, ಸುಮ್ಮನಾದವು. ಹೊರೆ ಎಲ್ಲಿಯೋ ಕೂತಿತ್ತು.

ಮೂವತ್ತಕ್ಕೆ ದೀಪ ಹಸಿರಾಯಿತು.

“ಆವುಲಿಸ್,” ಎಂದಳು ಹಿಲ್ಕಾ. “ಎತ್ತು.”

ಅವನು ಎತ್ತಿದ. ಕೇಳಿದ್ದನ್ನು ತಿರುಗಿ ಒಪ್ಪಿಸಲಿಲ್ಲ.

ಬೇಲುಗಳ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಗಾಜಾಗಿತ್ತಂತೆ. ವಿರ್ಪಿ ಹಿಂದೆ ಹೆಜ್ಜೆಯಿಡುವಾಗ ಕಾಲು ಜಾರಿ ಎರಡು ಬೇಲುಗಳ ಸಂದಿಗೆ ಸಿಕ್ಕಿಕೊಂಡಿತು. ಮುಖ ಕೆಳಗಾಗಿ ಬಿದ್ದಳು. ಎದೆಗೆ ಸಿಕ್ಕಿಸಿದ್ದ ಸೆಟ್ಟಿನ ಗುಂಡಿ ಅವಳ ಮೈಯಡಿಯಲ್ಲೇ ಒತ್ತಿಹೋಯಿತು, ಬಿದ್ದ ರಭಸಕ್ಕೆ ಉಸಿರು ಕಟ್ಟಿತು. ಅವಳು ನರಳಿದ್ದರೂ ಹೊಸ ಸೆಟ್ಟು ಅದನ್ನು ಯಂತ್ರದ ಸದ್ದೆಂದು ಸೋಸಿಹಾಕಿರಬೇಕು. ಇಳಿದ ಹೊರೆ ಅವಳ ಮೇಲೆಯೇ ಕೂತಿತ್ತು. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಳು. ಅವಳು ಹೆಣೆಯುತ್ತಿದ್ದ ಕಾಲುಚೀಲ ಕಟ್ಟೆಯ ಮೇಲೆ, ಕಡ್ಡಿಗಳ ಸಮೇತ, ಹಿಮ ಮುಚ್ಚಿಕೊಂಡು ಮೂರು ದಿನ ಇತ್ತು. ಯಾರಿಗೂ ತೆಗೆಯುವ ಧೈರ್ಯ ಬರಲಿಲ್ಲ.

ವಿಚಾರಣೆಗೆ ಮೂರು ಜನ ಬಂದರು. ಲಿಂಡ್ರೂಸ್ ತಾನು ಬಾಯಿಮಾತಿಗೆ ಹೇಳಿದ್ದೆಂದ. ಹಿಲ್ಕಾ, “ಒತ್ತಿದ್ದು ನಾನು,” ಎಂದಳು. ಬರೆದು ನಿಲ್ಲಿಸಿದ ಎರಡು ಸಾಲಿನ ಚೀಟಿಯನ್ನೂ ಅವರ ಮುಂದಿಟ್ಟಳು. ಆವುಲಿಸ್, “ಮಷೀನು ಕಡಿದದ್ದು ಅಂದ್ಕೊಂಡೆ,” ಎಂದಷ್ಟೇ ಹೇಳಿದ. ಅವನದು ತಪ್ಪಿಲ್ಲ ಎಂದು ಬರೆದುಕೊಂಡು ಹೋದರು. ಅರವತ್ತೂ ಸೆಟ್ಟುಗಳಿಂದ ಮೂವತ್ತು ಸೆಕೆಂಡಿನ ಮಿತಿಯನ್ನು ಅಳಿಸಲು ಅವಳಿಗೇ ಹೇಳಿದರು. ಅಳಿಸಿದಳು. ಕ್ರೇನುಗಳು ಈಗ ಮಾತಿಲ್ಲದಿದ್ದರೆ ನಿಲ್ಲುತ್ತವೆ. ಆವುಲಿಸ್ ಮಾತ್ರ ಮತ್ತೆ ಆ ಗೂಡಿಗೆ ಹತ್ತಲಿಲ್ಲ.

ಮಾರ್ಚಿನ ಒಂದು ಗುರುವಾರ ಅವನು ಸೂಪು ತಿರುವುತ್ತಿದ್ದ. ಪಕ್ಕದಲ್ಲಿ ಹಿಲ್ಕಾ ಮಾತಾಡುತ್ತಿದ್ದಳು. ಆ ದಿನದಿಂದ ಅವಳು ಮನೆಯಲ್ಲಿ ಮಾತು ನಿಲ್ಲಿಸುತ್ತಲೇ ಇರಲಿಲ್ಲ, ನಿಲ್ಲಿಸಲು ಹೆದರಿಕೆ. ಪಕ್ಕದ ಮನೆಯವಳ ಹೊಸ ಪರದೆ, ಕರಗುತ್ತಿರುವ ಹಿಮ, ಬೆಕ್ಕಿನ ಕಿವಿ. ಹೇಳುತ್ತಾ ಹೇಳುತ್ತಾ ವಿರ್ಪಿಯ ಹೆಸರು ನಾಲಿಗೆಯವರೆಗೆ ಬಂದುಬಿಟ್ಟಿತು. ಮಾತು ನಿಂತಿತು.

ಸೌಟು ತಿರುಗುತ್ತಲೇ ಇತ್ತು.

ಅವಳು ಕಾದಳು. ಗೋಡೆಯ ಗಡಿಯಾರದ ಸದ್ದು ಕೇಳುತ್ತಿತ್ತು. ಸೌಟು ಇನ್ನೂ ತಿರುಗುತ್ತಿತ್ತು.

“ಆವುಲಿಸ್, ನಾನು ಸುಮ್ನಾಗಿದ್ದು ಕೇಳಿಸ್ಲಿಲ್ವೇನೋ?”

“ಕೇಳಿಸ್ತು.” ಅವನು ತಲೆಯೆತ್ತಲಿಲ್ಲ. “ಅವತ್ತೂ ಕೇಳಿಸ್ತು ಹಿಲ್ಕಾ. ಹಾಡಿನ ಮಧ್ಯೆ ಕಡೀತು. ಮಷೀನಲ್ಲ ಅಂತ ಕೈಗೆ ಗೊತ್ತಾಯ್ತು. ಆದ್ರೂ ಇಳಿಸ್ದೆ.”

ಹಿಲ್ಕಾ ಎದ್ದು ಅವನ ಮಣಿಕಟ್ಟು ಹಿಡಿದಳು. ಸೌಟು ಆಮೇಲೆ ನಿಂತಿತು.